ಕಾಗದದಲ್ಲಿಲ್ಲದ ಆಸ್ತಿ: ನಲ್ಲಮಲೆಯ ಚೆಂಚುಗಳೂ ಯುರೇನಿಯಂ ಯೋಜನೆಯೂ

ಶ್ರೀಶೈಲವು ಕನ್ನಡಿಗರಿಗೆ ಪರಸ್ಥಳವಲ್ಲ. ಅಕ್ಕಮಹಾದೇವಿಯು ತನ್ನ ಚೆನ್ನಮಲ್ಲಿಕಾರ್ಜುನನನ್ನು ಅರಸುತ್ತ ಬಂದು ಸೇರಿದ ಕದಳೀವನ ಅಲ್ಲಿದೆ. ಇಂದಿಗೂ ಯುಗಾದಿಗೆ ಮುನ್ನ ಉತ್ತರ ಕರ್ನಾಟಕದ ಸಾವಿರಾರು ಭಕ್ತರು ಕಂಬಿ ಹೊತ್ತು, ಕಾಲ್ನಡಿಗೆಯಲ್ಲಿ ನಲ್ಲಮಲೆಯ ಅಡವಿಯನ್ನು ದಾಟಿ ಮಲ್ಲಯ್ಯನ ಸನ್ನಿಧಿಗೆ ಬರುತ್ತಾರೆ. ಹೈದರಾಬಾದಿನಲ್ಲಿ ನೆಲೆಸಿರುವ ನಾವು ನಡೆಯುವ ಶ್ರಮವನ್ನು ತೆಗೆದುಕೊಳ್ಳುವುದಿಲ್ಲ. ಪಟಾನ್‌ಚೆರುವಿನಿಂದ ಬೆಳಗಿನ ಜಾವ ಹೊರಟು, ಮನ್ನನೂರಿನ ಅರಣ್ಯ ತಪಾಸಣಾ ಗೇಟನ್ನು ದಾಟಿ, ಫರಹಾಬಾದ್, ವಟವರ್ಲಪಲ್ಲಿ, ದೋಮಲಪೆಂಟಗಳ ಮೂಲಕ ಮಧ್ಯಾಹ್ನದ ಹೊತ್ತಿಗೆ ದರ್ಶನ ಮುಗಿಸುತ್ತೇವೆ. ರಾತ್ರಿ ಗೇಟು ಮುಚ್ಚುವ ಮೊದಲೇ ಮರಳಬೇಕೆಂಬ ಆತುರದಲ್ಲಿ ರಸ್ತೆಯ ಬದಿಯ ಜನರನ್ನು ನಾವು ಗಮನಿಸುವುದು ಕಡಿಮೆ.

ಆ ಜನರೇ ಚೆಂಚುಗಳು. 2019ರಲ್ಲಿ ಅವರೂ ಸುತ್ತಲಿನ ಹಳ್ಳಿಗಳ ರೈತರೂ ಸೇರಿ, ತಮ್ಮ ಕಾಡಿನಲ್ಲಿ ಯುರೇನಿಯಂ ಹುಡುಕುವುದು ಬೇಡವೆಂದು ಎದ್ದು ನಿಂತರು. ಇಂಧನದ ಯೋಜನೆಗಳನ್ನು ಮೂಲನಿವಾಸಿಗಳು ಏಕೆ ವಿರೋಧಿಸುತ್ತಾರೆ ಎಂಬ ಪ್ರಶ್ನೆಗೆ ಅನೇಕರು ಹೇಳುವ ಉತ್ತರ ‘ಅವರಿಗೆ ಅಭಿವೃದ್ಧಿ ಬೇಡ’ ಎಂಬುದು. ಆ ಉತ್ತರ ಸರಿಯೇ ಎಂಬುದನ್ನು ನಮಗೆ ಅತ್ಯಂತ ಸಮೀಪದ ಈ ಉದಾಹರಣೆಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಯಾರು ಈ ಚೆಂಚುಗಳು?

ಕೃಷ್ಣಾ ನದಿಯ ಎರಡೂ ದಂಡೆಗಳ ನಲ್ಲಮಲೆ ಅರಣ್ಯ ಚೆಂಚುಗಳ ತವರು. ‘ಪೆಂಟ’ ಎಂದು ಕರೆಯಲಾಗುವ ಸಣ್ಣ ಸಣ್ಣ ನೆಲೆಗಳಲ್ಲಿ ವಾಸಿಸುವ ಇವರು ತಲೆತಲಾಂತರದಿಂದ ಜೇನು, ಅಂಟು, ಗೆಡ್ಡೆಗೆಣಸು, ಹಣ್ಣುಹಂಪಲುಗಳನ್ನು ಸಂಗ್ರಹಿಸಿ ಬದುಕಿದವರು. ಸರ್ಕಾರವು ಇವರನ್ನು ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳ ಪಟ್ಟಿಯಲ್ಲಿ ಇರಿಸಿದೆ. ಅಹೋಬಲದ ನರಸಿಂಹಸ್ವಾಮಿಯು ಚೆಂಚುಲಕ್ಷ್ಮಿಯನ್ನು ವರಿಸಿದನೆಂಬ ಐತಿಹ್ಯ ತೆಲುಗು ನಾಡಿನಲ್ಲಿ ಮನೆಮಾತು. ಶ್ರೀಶೈಲದ ದೇವರನ್ನು ಚೆಂಚುಗಳು ತಮ್ಮ ಮನೆಯ ಅಳಿಯನೆಂದೇ ಭಾವಿಸಿ ‘ಚೆಂಚು ಮಲ್ಲಯ್ಯ’ ಎನ್ನುತ್ತಾರೆ. ನಮ್ಮ ಮಲ್ಲಯ್ಯ ಅವರ ಬಂಧು ಎಂದಾಯಿತು.

ಕಡಿದಾದ ಬಂಡೆಗೆ ಕಟ್ಟಿದ ಹೆಜ್ಜೇನನ್ನು ತೆಗೆಯಲು ಇವರು ಹಗ್ಗ ಹಿಡಿದು ಪ್ರಪಾತಕ್ಕೆ ಇಳಿಯುತ್ತಾರೆ. ಮೇಲೆ ಹಗ್ಗ ಕಾಯುವವನು ಸಾಮಾನ್ಯವಾಗಿ ಇಳಿದವನ ಹೆಂಡತಿಯ ಸೋದರನಾಗಿರುತ್ತಾನೆ. ತಂಗಿ ವಿಧವೆಯಾಗುವುದನ್ನು ಯಾವ ಅಣ್ಣನೂ ಬಯಸಲಾರನೆಂಬ ನಂಬಿಕೆ ಇದಕ್ಕೆ ಆಧಾರ. ಹೀಗೆ ಸಂಗ್ರಹಿಸಿದ ಜೇನನ್ನೂ ಅಂಟನ್ನೂ 1956ರಲ್ಲಿ ಸ್ಥಾಪಿತವಾದ ಗಿರಿಜನ ಸಹಕಾರ ನಿಗಮವು ಕೊಳ್ಳುತ್ತ ಬಂದಿದೆ.

ಆಸ್ಟ್ರಿಯಾ ದೇಶದ ಮಾನವಶಾಸ್ತ್ರಜ್ಞ ಕ್ರಿಸ್ಟೋಫ್ ಫಾನ್ ಫ್ಯೂರರ್ ಹೈಮನ್‌ಡಾರ್ಫ್ ನಿಜಾಮರ ಕಾಲದಲ್ಲಿ ಅಮ್ರಾಬಾದ್ ಪ್ರಸ್ಥಭೂಮಿಯಲ್ಲಿ ಇವರ ನಡುವೆ ಇದ್ದು ಅಧ್ಯಯನ ನಡೆಸಿದರು. ಚೆಂಚುಗಳನ್ನು ಕುರಿತ ಅವರ ಗ್ರಂಥ 1943ರಲ್ಲಿ ಪ್ರಕಟವಾಯಿತು. ಅವರ ಸಲಹೆಯ ಫಲವಾಗಿ ನಿಜಾಮ್ ಸರ್ಕಾರವು ಅಮ್ರಾಬಾದಿನ ಕಾಡಿನಲ್ಲಿ ಚೆಂಚುಗಳಿಗೆಂದೇ ಒಂದು ಮೀಸಲು ಪ್ರದೇಶವನ್ನು ಗುರುತಿಸಿತ್ತು. ಈ ಕಾಡು ಇವರದೆಂಬ ಮಾತು ಇಂದು ನಿನ್ನೆಯ ಚಳವಳಿಗಾರರು ಹುಟ್ಟಿಸಿದ್ದಲ್ಲ ಎಂಬುದಕ್ಕೆ ಇಷ್ಟು ಸಾಕು.

2019ರಲ್ಲಿ ನಡೆದದ್ದು

ಯುರೇನಿಯಂ ನಿಕ್ಷೇಪಗಳನ್ನು ಪತ್ತೆ ಹಚ್ಚುವ ಕೇಂದ್ರ ಸರ್ಕಾರದ ಅಣು ಖನಿಜ ನಿರ್ದೇಶನಾಲಯದ ಕೇಂದ್ರ ಕಚೇರಿ ನಮ್ಮ ಬೇಗಂಪೇಟೆಯಲ್ಲಿಯೇ ಇದೆ. ಅಮ್ರಾಬಾದ್ ಹುಲಿ ಸಂರಕ್ಷಿತಾರಣ್ಯದ ಸುಮಾರು 83 ಚದರ ಕಿಲೋಮೀಟರ್ ಪ್ರದೇಶದಲ್ಲಿ ಸಮೀಕ್ಷೆ ನಡೆಸಲು ಅದು ಅನುಮತಿ ಕೋರಿತು. ಇದಕ್ಕಾಗಿ ಕಾಡಿನೊಳಗೆ ಸುಮಾರು 4,000 ಆಳವಾದ ರಂಧ್ರಗಳನ್ನು ಕೊರೆಯಬೇಕಾಗುವುದೆಂದು ವರದಿಯಾಯಿತು. 2019ರ ಮೇ ತಿಂಗಳಿನಲ್ಲಿ ಕೇಂದ್ರದ ಅರಣ್ಯ ಸಲಹಾ ಸಮಿತಿಯು ತಾತ್ವಿಕ ಒಪ್ಪಿಗೆ ನೀಡಿತು.

ಸುದ್ದಿ ಹರಡುತ್ತಲೇ ಅಮ್ರಾಬಾದ್, ಪದರ ಮಂಡಲಗಳ ಹಳ್ಳಿಗಳು ಎಚ್ಚೆತ್ತವು. ಗ್ರಾಮಗಳು ವಿರೋಧದ ನಿರ್ಣಯಗಳನ್ನು ಕೈಗೊಂಡವು. ಬಂದ್, ರಸ್ತೆ ತಡೆ, ಧರಣಿಗಳು ನಡೆದವು. ಹೈದರಾಬಾದಿನ ವಿದ್ಯಾರ್ಥಿಗಳು, ವಿಜ್ಞಾನಿಗಳು, ಲೇಖಕರು, ಚಲನಚಿತ್ರ ನಟರು ‘ನಲ್ಲಮಲೆ ಉಳಿಸಿ’ ಎಂದು ದನಿಗೂಡಿಸಿದರು. ಕೊನೆಗೆ 2019ರ ಸೆಪ್ಟೆಂಬರ್ 16ರಂದು ತೆಲಂಗಾಣ ವಿಧಾನಸಭೆಯು, ನಲ್ಲಮಲೆಯಲ್ಲಿ ಯುರೇನಿಯಂ ಗಣಿಗಾರಿಕೆಯ ವಿಚಾರವನ್ನು ಕೈಬಿಡಬೇಕೆಂದು ಕೇಂದ್ರವನ್ನು ಕೋರುವ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿತು. ಆಳುವ ಪಕ್ಷವೂ ವಿರೋಧ ಪಕ್ಷಗಳೂ ಒಂದಾದ ಅಪರೂಪದ ಸಂದರ್ಭವದು.

ನಿರ್ದೇಶನಾಲಯದ ವಾದಕ್ಕೂ ನ್ಯಾಯ ಸಲ್ಲಿಸಬೇಕು. ಇದು ಕೇವಲ ಶೋಧನೆ, ಗಣಿಗಾರಿಕೆಯಲ್ಲ, ದೇಶದ ಖನಿಜ ಸಂಪತ್ತು ಎಷ್ಟೆಂದು ತಿಳಿಯುವುದು ತಪ್ಪೇ ಎಂಬುದು ಅದರ ಪ್ರಶ್ನೆ. ಸಮಂಜಸವಾದ ಪ್ರಶ್ನೆಯೇ. ಆದರೆ ಶೋಧನೆಯಲ್ಲಿ ಅದಿರು ಸಿಕ್ಕ ಬಳಿಕ ‘ಬೇಡ’ ಎನ್ನುವ ಬಲ ಯಾರಿಗಿರುತ್ತದೆ ಎಂಬುದು ಹಳ್ಳಿಗರ ಮರುಪ್ರಶ್ನೆ.

ಭಯ ಎಲ್ಲಿಂದ ಬಂತು?

ನಮ್ಮ ದೇಶದ ಯುರೇನಿಯಂ ಅದಿರು ಬಹಳ ಬಡವಾದುದು. ಒಂದು ಟನ್ ಅದಿರನ್ನು ಪುಡಿ ಮಾಡಿ, ರಾಸಾಯನಿಕಗಳಿಂದ ತೊಳೆದರೆ ದೊರೆಯುವ ಯುರೇನಿಯಂ ಸಾಮಾನ್ಯವಾಗಿ ಒಂದು ಕಿಲೋಗ್ರಾಂಗಿಂತಲೂ ಕಡಿಮೆ. ಉಳಿದ ಕೆಸರೆಲ್ಲ ಕಟ್ಟೆ ಕಟ್ಟಿದ ಕೊಳಗಳಲ್ಲಿ ಶೇಖರವಾಗುತ್ತದೆ. ಅದರಲ್ಲಿ ರೇಡಿಯಂ ಮೊದಲಾದ ವಿಕಿರಣಶೀಲ ವಸ್ತುಗಳು ಉಳಿದಿರುತ್ತವೆ. ವಿದ್ಯುತ್ತು ನಗರಕ್ಕೆ ಹೋಗುತ್ತದೆ, ಕೆಸರು ಊರಿನಲ್ಲಿಯೇ ಉಳಿಯುತ್ತದೆ.

ಜಾರ್ಖಂಡಿನ ಜಾದೂಗೊಡದಲ್ಲಿ 1960ರ ದಶಕದಿಂದ ಗಣಿಗಾರಿಕೆ ನಡೆದಿದೆ. ಅಲ್ಲಿನ ಸಂತಾಲ, ಹೋ ಜನಾಂಗಗಳವರು ಆರೋಗ್ಯದ ಹಾನಿಯ ಬಗ್ಗೆ ದಶಕಗಳಿಂದ ದೂರುತ್ತಲೇ ಬಂದಿದ್ದಾರೆ, ಗಣಿ ಸಂಸ್ಥೆಯು ಅದನ್ನು ಒಪ್ಪಿಲ್ಲ. ಆಂಧ್ರದ ಕಡಪ ಜಿಲ್ಲೆಯ ತುಮ್ಮಲಪಲ್ಲಿಯಲ್ಲಿ ಸ್ಥಾವರ ಆರಂಭವಾದ ಮೇಲೆ ಸುತ್ತಲಿನ ರೈತರು ಕೊಳವೆಬಾವಿಯ ನೀರು ಕೆಟ್ಟಿತು, ಬಾಳೆಯ ತೋಟ ಒಣಗಿತು ಎಂದು ದೂರಿದರು. ನಲ್ಲಮಲೆಯವರು ಈ ಊರುಗಳ ಕತೆಯನ್ನು ಕೇಳಿದ್ದರು. ಹದಿನಾರು ವರ್ಷಗಳ ಹಿಂದೆಯೇ, 2003ರಲ್ಲಿ, ನೆರೆಯ ನಲ್ಗೊಂಡ ಜಿಲ್ಲೆಯ ಲಂಬಾಪುರ–ಪೆದ್ದಗಟ್ಟು ಗಣಿ ಯೋಜನೆಯ ಸಾರ್ವಜನಿಕ ಅಹವಾಲು ಸಭೆಯಲ್ಲಿ ಲಂಬಾಣಿ ತಾಂಡಾಗಳ ಜನ ಇದೇ ಭಯವನ್ನು ತೋಡಿಕೊಂಡಿದ್ದರು. ಆ ಸ್ಥಳವಿರುವುದು ನಾಗಾರ್ಜುನಸಾಗರ ಜಲಾಶಯದ ಮಗ್ಗುಲಲ್ಲಿ. ಹೈದರಾಬಾದಿನ ಬಹುಭಾಗದ ನಲ್ಲಿಗಳಿಗೆ ಬರುವ ಕೃಷ್ಣೆಯ ನೀರು ಅಲ್ಲಿಯದೇ ಆದುದರಿಂದ ಇದು ಕಾಡಿನವರ ತಲೆನೋವು ಮಾತ್ರವಲ್ಲ.

ಇನ್ನೊಂದು ಹಳೆಯ ಗಾಯವೂ ಇದೆ. ಶ್ರೀಶೈಲದ ಅಣೆಕಟ್ಟಿನ ಭವ್ಯತೆಯನ್ನು ನಾವು ನಿಂತು ನೋಡುತ್ತೇವೆ. ಆ ಜಲಾಶಯಕ್ಕಾಗಿ 1981ರಲ್ಲಿ ಅಂದಿನ ಮಹಬೂಬ್‌ನಗರ, ಕರ್ನೂಲು ಜಿಲ್ಲೆಗಳ ನೂರಕ್ಕೂ ಹೆಚ್ಚು ಹಳ್ಳಿಗಳು ತೆರವಾದವು. ಬೆಳಕಿಗಾಗಿ ಮನೆ ಬಿಡುವುದೆಂದರೆ ಏನೆಂಬುದು ಕೃಷ್ಣೆಯ ಆ ದಂಡೆಗಳಿಗೆ ಗೊತ್ತು.

ಹೈದರಾಬಾದಿನಿಂದ ಕೈಗಾಕ್ಕೆ

ಇದರಲ್ಲಿ ಕನ್ನಡಿಗರಾದ ನಮ್ಮ ಪಾತ್ರವೇನೆಂದು ಕೇಳಬಹುದು. ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಅಣು ಸ್ಥಾವರಗಳಿವೆ. ಅವುಗಳಿಗೆ ಬೇಕಾದ ಇಂಧನದ ಕಂತೆಗಳು ತಯಾರಾಗುವುದು ಹೈದರಾಬಾದಿನ ಮೌಲಾಲಿಯ ಅಣು ಇಂಧನ ಸಂಕೀರ್ಣದಲ್ಲಿ. ಕೈಗಾ ಸ್ಥಾವರಗಳು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗೆ ಒಳಪಟ್ಟಿಲ್ಲ. ಆದಕಾರಣ ವಿದೇಶದಿಂದ ಆಮದಾದ ಯುರೇನಿಯಂ ಅವಕ್ಕೆ ಸಲ್ಲದು, ಸ್ವದೇಶದ ಅದಿರೇ ಆಗಬೇಕು. ಅಂದರೆ ಆದಿವಾಸಿಗಳ ನೆಲದಿಂದ ಹೊರಟ ಅದಿರು, ನಮ್ಮ ಊರಿನಲ್ಲಿ ಇಂಧನವಾಗಿ, ನಮ್ಮ ನಾಡಿನ ಕಾಳಿ ನದಿಯ ದಂಡೆಯಲ್ಲಿ ವಿದ್ಯುತ್ತಾಗುತ್ತದೆ. ಕೈಗಾದ ಒಂದನೆಯ ಘಟಕವು 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಡೆದು ವಿಶ್ವದಾಖಲೆ ಸ್ಥಾಪಿಸಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅದು ಹೆಮ್ಮೆಯ ಸಂಗತಿಯೇ. ಐದು ತಿಂಗಳೊಳಗೆ ನಲ್ಲಮಲೆಯ ಕಡತಕ್ಕೆ ಒಪ್ಪಿಗೆ ಬಿದ್ದಿತೆಂಬುದನ್ನೂ ಅದರ ಜೊತೆಗೆ ನೆನೆಯಬೇಕು.

ಕೈಗಾ ಕೂಡ ವಿರೋಧವಿಲ್ಲದೆ ಬಂದದ್ದಲ್ಲ. ಡಾ. ಶಿವರಾಮ ಕಾರಂತರು ಎಂಬತ್ತೇಳರ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಯಲ್ಲಿ, ಕೈಗಾ ಯೋಜನೆಯನ್ನು ವಿರೋಧಿಸಿಯೇ ಕಾರವಾರದ ಸೀಮೆಯಿಂದ ಸ್ಪರ್ಧಿಸಿ ಸೋತರು. 1994ರ ಮೇ ತಿಂಗಳಲ್ಲಿ ನಿರ್ಮಾಣ ಹಂತದಲ್ಲಿದ್ದ ಗುಮ್ಮಟದ ಒಳಪದರ ಕುಸಿದಾಗ ಅವರ ಮಾತು ಅನೇಕರ ನೆನಪಿಗೆ ಬಂತು. ಇತ್ತ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿ, ಆದಿಲ್‌ಶಾಹಿ ಅರಸರ ಸಮಾಧಿಗಳಿರುವ ಪ್ರಾಚೀನ ಊರು. ಅಲ್ಲಿಯೂ ಯುರೇನಿಯಂ ಪತ್ತೆಯಾಗಿದೆ, ಅಲ್ಲಿನ ಜನರಲ್ಲಿಯೂ ಆತಂಕ ಮೂಡಿದೆ. ಇಂದು ನಲ್ಲಮಲೆಯಲ್ಲಿ ಕೇಳಿದ ಪ್ರಶ್ನೆ ನಾಳೆ ಭೀಮೆಯ ಕಣಿವೆಯಲ್ಲಿ ಕನ್ನಡದಲ್ಲಿಯೇ ಕೇಳಿಬರಬಹುದು.

ಪಹಣಿ ಇಲ್ಲದವನ ಶ್ರೀಮಂತಿಕೆ

ಸುಮಾರು ಮೂರು ದಶಕಗಳಿಂದ ಬ್ಯಾಂಕಿನಲ್ಲಿ ದುಡಿಯುತ್ತಿರುವ ನನಗೆ ಈ ವಿಷಯ ಬೇರೊಂದು ದಾರಿಯಿಂದ ಅರ್ಥವಾಯಿತು. ಸಾಲ ಕೇಳಿ ಬಂದವರನ್ನು ನಾವು ಮೊದಲು ಕೇಳುವುದು ಪಹಣಿ, ಪಾಸ್‌ಪುಸ್ತಕ. ಹಿಂದೆ ಒಂದು ಗ್ರಾಮೀಣ ಶಾಖೆಯಲ್ಲಿದ್ದಾಗ ಕಾಡಂಚಿನ ಕೆಲವರು ಬಂದು ಕೌಂಟರಿನ ಮುಂದೆ ಸುಮ್ಮನೆ ನಿಲ್ಲುತ್ತಿದ್ದರು. ಯಾವ ಮರದಲ್ಲಿ ಎಷ್ಟು ಅಂಟು, ಯಾವ ಬಂಡೆಯಲ್ಲಿ ಎಷ್ಟು ಜೇನು ಎಂಬುದು ಅವರಿಗೆ ಬೆರಳತುದಿಯಲ್ಲಿ ಗೊತ್ತು. ನನ್ನ ಅರ್ಜಿಯ ನಮೂನೆಯಲ್ಲಿ ಅದನ್ನು ಬರೆಯಲು ಕಲಮೇ ಇರಲಿಲ್ಲ. ‘ಆಸ್ತಿ: ಇಲ್ಲ’ ಎಂದು ಬರೆದು ನಾನೇ ಸಹಿ ಮಾಡಿದ್ದೇನೆ.

ಪರಿಹಾರದ ಲೆಕ್ಕವೂ ಬಹುಮಟ್ಟಿಗೆ ಇದೇ ನಮೂನೆಯದು. ಕಾಗದದಲ್ಲಿ ಇರುವ ಆಸ್ತಿಗೆ ಬೆಲೆ ಕಟ್ಟುತ್ತಾರೆ. ಕಾಗದದಲ್ಲಿ ಇಲ್ಲದ ಆಸ್ತಿ ಹೋದರೆ, ಹೋದದ್ದಕ್ಕೆ ಸಾಕ್ಷಿಯೂ ಇರುವುದಿಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮುಳುಗಿದ ಊರುಗಳ ಎಷ್ಟೋ ಕುಟುಂಬಗಳು ತಮಗೆ ದೊರೆತ ಭೂಮಿಯ ಹಕ್ಕುಪತ್ರಕ್ಕಾಗಿ ತಲೆಮಾರುಗಳ ಕಾಲ ಅಲೆದದ್ದನ್ನು ಮಲೆನಾಡಿನ ಬಾಂಧವರು ಬಲ್ಲರು. ಸಾಗುವಳಿ ಮಾಡುತ್ತಿದ್ದವರ ಗತಿಯೇ ಹೀಗಾದರೆ, ಉಳದೆ ಬಿತ್ತದೆ ಕಾಡನ್ನೇ ನಂಬಿದ ಚೆಂಚುವಿನ ಗತಿಯೇನು? ಹಣದ ಪರಿಹಾರ ಅವನನ್ನು ಕಾಯಲಾರದು. ಕಾಯಬಲ್ಲದ್ದು ಒಂದೇ: ಕೆಲಸ ಆರಂಭವಾಗುವ ಮುನ್ನವೇ ಅವನನ್ನು ಕೇಳುವುದು, ‘ಬೇಡ’ ಎಂದರೆ ಅದಕ್ಕೆ ಬೆಲೆ ಕೊಡುವುದು.

ಕಾನೂನು ಇದನ್ನು ಅರಿಯದೆ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯು ಬಾಯಿಮಾತಿನ ಆಸ್ತಿಗೆ ಕಾಗದದ ರೂಪ ಕೊಡಲು ಹೊರಟ ಶಾಸನ. ಚೆಂಚುಗಳಂಥ ಸಮುದಾಯಗಳಿಗೆ ತಮ್ಮ ಇಡೀ ವಾಸನೆಲೆಯ ಮೇಲೆ ಹಕ್ಕು ಕೋರಲು ಅದರಲ್ಲಿ ಅವಕಾಶವಿದೆ. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬೇಕೇ ಬೇಡವೇ ಎಂಬುದನ್ನು ಗ್ರಾಮಸಭೆಗಳೇ ತೀರ್ಮಾನಿಸಲೆಂದು 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ಹೇಳಿತು. ಆ ವರ್ಷ ಸಭೆ ಸೇರಿದ ಹನ್ನೆರಡು ಹಳ್ಳಿಗಳೂ ‘ಬೇಡ’ ಎಂದವು. ಆದರೆ ಬಾಗಿಲು ಕಿರಿದಾಗುತ್ತಲೂ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯವು ಅಣು ಖನಿಜಗಳೂ ಸೇರಿದಂತೆ ಕೆಲವು ಮಹತ್ವದ ಖನಿಜಗಳ ಗಣಿ ಯೋಜನೆಗಳಿಗೆ ಸಾರ್ವಜನಿಕ ಅಹವಾಲಿನಿಂದ ವಿನಾಯಿತಿ ನೀಡಿತು. 2003ರಲ್ಲಿ ಪೆದ್ದಗಟ್ಟಿನ ಜನ ಎದ್ದು ಮಾತನಾಡಿದಂಥ ಸಭೆಗಳು ಇನ್ನು ಮುಂದೆ ನಡೆಯಲೇಬೇಕೆಂದಿಲ್ಲ.

ಕೊನೆಯ ಮಾತು

ನಲ್ಲಮಲೆಯ ಕತೆ ಗೆಲುವಿನಲ್ಲಿ ಮುಗಿಯಿತೆಂದು ಹೇಳುವಂತಿಲ್ಲ. ವಿಧಾನಸಭೆಯ ನಿರ್ಣಯ ಒಂದು ಕೋರಿಕೆಯೇ ಹೊರತು ಶಾಸನವಲ್ಲ. ಗಣಿಯ ಭಯ ದೂರವಾದ ಮೇಲೆ, ಹುಲಿಯ ರಕ್ಷಣೆಗಾಗಿ ಒಳಗಾಡಿನ ಕೆಲವು ನೆಲೆಗಳನ್ನು ಸ್ಥಳಾಂತರಿಸುವ ಯೋಜನೆ ಮುಂದೆ ಬಂದಿದೆ. ಕುಟುಂಬಕ್ಕೆ 15 ಲಕ್ಷ ರೂಪಾಯಿಗಳ ಪರಿಹಾರವಿದೆ, ಸ್ವ ಇಚ್ಛೆಯಿಂದ ಬರುವವರಿಗೆ ಮಾತ್ರ ಎಂದೂ ಹೇಳಲಾಗಿದೆ. ಹೋಗಲು ಒಪ್ಪಿದವರೂ ಇದ್ದಾರೆ, ಒಲ್ಲೆ ಎನ್ನುವವರೂ ಇದ್ದಾರೆ. ಇಲ್ಲಿಯೂ ಪ್ರಶ್ನೆ ಅದೇ: ಕೇಳಿದ್ದು ನಿಜವಾಗಿಯೂ ಕೇಳುವುದಕ್ಕಾಗಿಯೇ, ಅಥವಾ ಸಹಿಗಾಗಿಯೇ?

ವಿದ್ಯುತ್ತು ಬೇಡವೆಂದು ಹೇಳುವ ಹಕ್ಕು ನನಗಿಲ್ಲ. ಈ ಲೇಖನವನ್ನು ಬರೆಯುತ್ತಿರುವುದೂ ದೀಪದ ಬೆಳಕಿನಲ್ಲಿಯೇ, ತಲೆಯ ಮೇಲೆ ಪಂಖ ತಿರುಗುತ್ತಿದೆ. ಕಲ್ಲಿದ್ದಲಾದರೂ ಅಣುವಾದರೂ ನೀರಾದರೂ ಯಾರದೋ ನೆಲದಿಂದಲೇ ಬರಬೇಕು. ‘ಅವರಿಗೆ ಅಭಿವೃದ್ಧಿ ಬೇಡ’ ಎಂಬ ಮಾತನ್ನು ಮಾತ್ರ ನಾವು ಬಿಡಬಹುದು. ತನ್ನ ಮನೆಯ ಮೇಲೆ ಇನ್ನೊಬ್ಬರು ಸಾಲ ಎತ್ತುವಾಗ ಮನೆಯ ಯಜಮಾನನ ಸಹಿ ಬೇಕೆಂಬುದು ಬ್ಯಾಂಕಿನ ಮೊದಲ ಪಾಠ. ಚೆಂಚುಗಳು ಕೇಳಿದ್ದು ಅದಕ್ಕಿಂತ ಹೆಚ್ಚಿನದೇನನ್ನೂ ಅಲ್ಲ.

ಬರುವ ಯುಗಾದಿಗೆ ಶ್ರೀಶೈಲಕ್ಕೆ ಹೊರಡುವ ಬಂಧುಗಳು ಮನ್ನನೂರು ದಾಟಿದ ಮೇಲೆ ಒಂದು ಗಳಿಗೆ ವಾಹನ ನಿಲ್ಲಿಸಿ, ಮಕ್ಕಳಿಗೆ ಆ ಕಾಡನ್ನು ತೋರಿಸಿ, ಅದು ಯಾರ ಮನೆಯೆಂದು ಹೇಳಲಿ. ಮಲ್ಲಯ್ಯನ ದರ್ಶನಕ್ಕೆ ಹೋಗುವವರು ಅವನ ಬೀಗರ ಯೋಗಕ್ಷೇಮ ವಿಚಾರಿಸುವುದು ನಮ್ಮ ಸಂಪ್ರದಾಯಕ್ಕೆ ಹೊರತಾದುದೇನಲ್ಲ.