ತಿಳಿ ಪಾನಿಯ ಊರಿನಲ್ಲಿ

ಸಂಜೆಯಾದರೆ ಬಂಗಾರಪೇಟೆಯ ಪಾನಿಪುರಿ ಗಾಡಿಗಳ ಮುಂದೆ ಜನ ಸೇರುತ್ತಾರೆ. ಹೊರಗಿನಿಂದ ಮೊದಲ ಸಲ ಬಂದವರು ಪಾನಿಯ ಪಾತ್ರೆ ನೋಡಿ ಅನುಮಾನಿಸುತ್ತಾರೆ. ಪುದೀನದ ಹಸಿರಿಲ್ಲ, ಹುಣಸೆಯ ಕಂದಿಲ್ಲ. ಈಗಷ್ಟೇ ನಲ್ಲಿಯಿಂದ ಹಿಡಿದಂತಿರುವ ನೀರು, ತಳ ಕಾಣುವಷ್ಟು ತಿಳಿ. ಒಂದು ಪುರಿ ಬಾಯಿಗೆ ಹೋಗುತ್ತಲೇ ಅನುಮಾನ ಹಾರಿಹೋಗುತ್ತದೆ, ಮೂಗಿನಲ್ಲಿ ನೀರಿಳಿಯುತ್ತದೆ. "ಅಣ್ಣಾ, ಇನ್ನೊಂಚೂರು ಪಾನಿ" ಎಂದು ತಟ್ಟೆ ಮುಂದಕ್ಕೆ ಬರುತ್ತದೆ.

ಪಾಕದ ಗುಟ್ಟು ಗಾಡಿಯವರದು. ವಿಜ್ಞಾನ ಮಾತ್ರ ಎಲ್ಲರದು. ಉಪ್ಪು ಮತ್ತು ಹುಳಿ ನೀರಿನಲ್ಲಿ ಪೂರ್ತಿ ಕರಗಿ, ಬೆಳಕಿಗೆ ಅಡ್ಡಬರದಷ್ಟು ಸಣ್ಣದಾಗಿ ಹರಡಿಕೊಳ್ಳುತ್ತವೆ. ಸೊಪ್ಪಿನ ಹಸಿರು ಹಾಗೆ ಕರಗುವಂಥದ್ದಲ್ಲ. ಬೇರೆಡೆಯ ಪಾನಿ ಹಸಿರಾಗಿ ಕಾಣುವುದು ಅರೆದ ಎಲೆಯ ಚೂರುಗಳು ತೇಲುವುದರಿಂದ. ಮೆಣಸಿನಕಾಯಿಯ ಖಾರವೂ ನೀರಿಗಿಂತ ಎಣ್ಣೆಗೇ ಹೆಚ್ಚು ಒಗ್ಗುತ್ತದೆ. ಆದರೆ ನೀರಿಗಿಳಿದದ್ದು ಎಳ್ಳಷ್ಟಾದರೂ ನಾಲಿಗೆಗೆ ಸಾಕು.

ಕರಗಿಸುವ ಇನ್ನೊಂದು ಕಥೆ ಹತ್ತಿರದ ಚಿನ್ನದ ಗಣಿಗಳದು. ಇಲ್ಲಿಂದ ಮಾರಿಕುಪ್ಪಂ ರೈಲು ಹತ್ತಿದರೆ ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳು ಒಂದೊಂದಾಗಿ ಬರುತ್ತವೆ. ಕಿಟಕಿಯಾಚೆ ಬೂದುಬಣ್ಣದ ಬೋಳು ಗುಡ್ಡಗಳು. ಜನ ಇವನ್ನು ಸೈನೈಡ್ ದಿಬ್ಬ ಎನ್ನುತ್ತಾರೆ. ನಿಸರ್ಗ ಕಟ್ಟಿದ ಗುಡ್ಡಗಳಲ್ಲ ಇವು, ಚಿನ್ನ ಕರಗಿಸುವ ಕೆಲಸ ಮುಗಿದ ಮೇಲೆ ಉಳಿದ ಕಲ್ಲುಹಿಟ್ಟು. ಟನ್ನುಗಟ್ಟಲೆ ಕಲ್ಲಿನಲ್ಲಿ ಗ್ರಾಂ ಲೆಕ್ಕದಲ್ಲಿ ಹುದುಗಿದ ಚಿನ್ನವನ್ನು ಕೈಯಿಂದ ಆರಿಸಲಾಗದು. ಚಿನ್ನ ನೀರಿಗೂ ಬಗ್ಗದು, ಸಾಮಾನ್ಯ ಆಮ್ಲಕ್ಕೂ ಬಗ್ಗದು. ಆದರೆ ಗಾಳಿಯ ಆಮ್ಲಜನಕ ಜೊತೆಗಿದ್ದರೆ ತೆಳು ಸೈನೈಡ್ ದ್ರಾವಣದಲ್ಲಿ ನಿಧಾನವಾಗಿ ಕರಗುತ್ತದೆ. 1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ರೂಪುಗೊಂಡ ಈ ವಿಧಾನ ಕೋಲಾರದ ಗಣಿಗಳಿಗೂ ಬಂತು. ಹಾಗೆ ಕರಗಿದ ಚಿನ್ನ ಕಣ್ಣಿಗೆ ಕಾಣುವುದಿಲ್ಲ. ದ್ರಾವಣಕ್ಕೆ ಹೊನ್ನಿನ ಹೊಳಪಿಲ್ಲ, ಬಣ್ಣವೂ ಇಲ್ಲ. ಅದಕ್ಕೆ ಸತು ಸೇರಿಸಿದಾಗ ಸತು ತಾನು ಕರಗುತ್ತ ಚಿನ್ನವನ್ನು ಹೊರಕ್ಕೆ ತಳ್ಳುತ್ತದೆ. ಇಷ್ಟು ಸೊಗಸಾದ ರಾಸಾಯನಿಕ ಕ್ರಿಯೆಯ ಹಿಂದೆ ಇಷ್ಟು ದೊಡ್ಡ ಕಸದ ರಾಶಿ ಉಳಿದಿರುವುದು ನೋವಿನ ಸಂಗತಿ. ಗಣಿ ಮುಚ್ಚಿದ್ದು 2001ರಲ್ಲಿ. ಗಾಳಿ ಎದ್ದ ದಿನ ದಿಬ್ಬದ ದೂಳು ಇಂದಿಗೂ ಕಾರ್ಮಿಕರ ಮನೆಗಳೊಳಗೆ ಬರುತ್ತದೆ.

ಖಾರ ತಿಂದು ಬೆವರಿದವನಿಗೆ ನೆಲದ ಮೇಲಿನ ಗಾಳಿ ಹಿತ. ಬೆವರು ಆರುವಾಗ ಮೈಯ ಶಾಖವನ್ನು ಒಯ್ಯುತ್ತದೆ. ಗಣಿಯೊಳಗೆ 3 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ದುಡಿದವರಿಗೆ ಈ ಭಾಗ್ಯ ಇರಲಿಲ್ಲ. ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ಮೀರಿತ್ತು, ದೂಳು ಅಡಗಿಸಲು ಬಿಟ್ಟ ನೀರಿನಿಂದ ಗಾಳಿಯಲ್ಲಿ ತೇವ ತುಂಬಿರುತ್ತಿತ್ತು. ತೇವ ತುಂಬಿದ ಗಾಳಿಯಲ್ಲಿ ಬೆವರು ಹರಿಯುತ್ತದೆ, ಆರುವುದಿಲ್ಲ. ಅದಕ್ಕೇ ಮೇಲಿನಿಂದ ತಂಪು ಮಾಡಿದ ಗಾಳಿಯನ್ನು ಕೆಳಕ್ಕೆ ಕಳಿಸಬೇಕಾಗಿತ್ತು. ಎತ್ತರ, ಆಳ ಬದಲಾದಂತೆ ನೀರು ಕುದಿಯುವ ಬಿಸಿಯೂ ಬದಲಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದ ಈ ಊರಿನ ಒಲೆಯ ಮೇಲೆ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಗಣಿಯ ತಳದಲ್ಲಿ ಗಾಳಿಯ ಒತ್ತಡ ಹೆಚ್ಚು, ಅಲ್ಲಿ ನೀರು ಕುದಿಯಲು 100 ಡಿಗ್ರಿ ಸಾಲದು.

 

ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ಒಳಗೋಡೆ ನೋಡಿ. ಬೆಳ್ಳಗೆ, ಉಜ್ಜಿದರೂ ಬಿಡದ ಪದರ. ಕಲ್ಲಿನ ಪದರಗಳಿಂದ ಕರಗಿ ಬಂದ ಲವಣ ಅದು. ನೀರು ಆವಿಯಾಗಿ ಹೋಯಿತು, ಜೊತೆಗಿದ್ದದ್ದು ಉಳಿಯಿತು. ಕೋಲಾರ ಜಿಲ್ಲೆಯ ಹಲವೆಡೆ ಆಳದ ನೀರಿನಲ್ಲಿ ಫ್ಲೋರೈಡ್ ಕೂಡ ಹೀಗೆಯೇ ಕರಗಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ, ಮಟ್ಟ ಇನ್ನೂ ಏರಿದರೆ ಮೂಳೆಯೂ ಕೆಡುತ್ತದೆ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ದಟ್ಟವಾಗುತ್ತದೆ. ನಿಮ್ಮ ಮನೆಯದು ಬೋರ್‌ವೆಲ್ ನೀರಾದರೆ, ತಿಳಿಯಾಗಿದೆ ಎಂದು ನೆಚ್ಚಿ ಕೂರಬೇಡಿ. ಒಂದು ಬಾಟಲಿ ತುಂಬಿಸಿ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಆಮೇಲೆ ಮಕ್ಕಳಿಗೆ ಕುಡಿಸಿ.