ಆರು ಕುಣಿಕೆಯ ಜಡೆ

ಕೇಬಲ್ ಹೆಣಿಗೆಯ ಹೊದಿಕೆ ಕಂಡರೆ ಯಾರಿಗಾದರೂ ಅದರ ಮೇಲೊಮ್ಮೆ ಬೆರಳಾಡಿಸಬೇಕು ಎನಿಸುತ್ತದೆ. ಹೊಸೆದ ಹಗ್ಗದಂಥ ಉಬ್ಬು ಜಡೆಗಳು ತುದಿಯಿಂದ ತುದಿಗೆ ಇಳಿದಿರುತ್ತವೆ. ಮಕ್ಕಳ ಕುಲಾವಿ, ಸ್ವೆಟರ್ ಹೆಣೆದು ಪಳಗಿದವರೂ ಇದು ತಮ್ಮ ಕೈಗೆ ಹತ್ತುವುದಲ್ಲ ಎಂದು ಹಿಂಜರಿಯುತ್ತಾರೆ. ಹಿಂಜರಿಯಬೇಕಾಗಿಲ್ಲ. ಅಮೆರಿಕದವರು ‘ಅಫ್ಘನ್’ ಎಂದು ಕರೆಯುವ ಈ ಹೊದಿಕೆಗೆ ತೋಳಿಲ್ಲ, ಕುತ್ತಿಗೆಯಿಲ್ಲ. ಮೈಗೆ ಸರಿಹೊಂದೀತೋ ಇಲ್ಲವೋ ಎಂಬ ಚಿಂತೆಯೂ ಇಲ್ಲ.

ನಿಟ್, ಪರ್ಲ್ ಎರಡೂ ಬಂದರೆ ಸಾಕು, ಉಳಿದದ್ದು ಬರೀ ಅದಲುಬದಲು. ಆರು ನಿಟ್ ಕುಣಿಕೆಗಳ ಎರಡೂ ಮಗ್ಗುಲಿಗೆ ಎರಡೆರಡು ಪರ್ಲ್ ಇರಲಿ. ತಿರುವಿನ ಸಾಲು ಬಂದಾಗ ಮೊದಲ ಮೂರು ಕುಣಿಕೆಗಳನ್ನು ಹೆಣೆಯದೆ, ಎರಡೂ ಕಡೆ ಚೂಪಾದ ಪುಟ್ಟ ಕಡ್ಡಿಗೆ ದಾಟಿಸಿ ಮುಂದಕ್ಕೆ ಬಿಡಬೇಕು. ಹಿಂದಿನ ಮೂರನ್ನು ಹೆಣೆದು, ಆಮೇಲೆ ಕಾದು ನಿಂತ ಮೂರನ್ನು ಹೆಣೆಯಬೇಕು. ಆ ಕ್ಷಣದಲ್ಲಿ ಉಲ್ಲನ್ ಬಿಗಿಯುತ್ತದೆ, ಪುಟ್ಟ ಕಡ್ಡಿ ಗಾಳಿಯಲ್ಲಿ ತೂಗಾಡುತ್ತದೆ, ಎಲ್ಲ ಜಾರಿ ಹೋಯಿತೇನೋ ಎಂದು ಎದೆ ಝಲ್ಲೆನ್ನುತ್ತದೆ. ಏನೂ ಜಾರುವುದಿಲ್ಲ. ಕಾದ ಮೂರು ಮುಂದಿದ್ದರೆ ಜಡೆ ಎಡಕ್ಕೆ ವಾಲುತ್ತದೆ, ಹಿಂದಿದ್ದರೆ ಬಲಕ್ಕೆ. ಆರು ಸಾಲಿಗೊಮ್ಮೆ ಹೀಗೆ ತಿರುಗಿಸುತ್ತ ಹೋದರೆ ಆಯಿತು.

ಈ ಹೆಣಿಗೆಗೆ ಹೆಸರು ತಂದವು ಐರ್ಲೆಂಡಿನ ಪಶ್ಚಿಮ ಕರಾವಳಿಯಾಚೆಯ ಮೂರು ಅರಾನ್ ದ್ವೀಪಗಳು. ಅಲ್ಲಿಯ ಸ್ವೆಟರ್ ಬಗ್ಗೆ ಒಂದು ಕಥೆ ಎಲ್ಲೆಡೆ ಹಬ್ಬಿದೆ: ಒಂದೊಂದು ಮನೆತನಕ್ಕೂ ಒಂದೊಂದು ವಿನ್ಯಾಸವಿತ್ತಂತೆ, ಕಡಲಲ್ಲಿ ಮುಳುಗಿ ದಡ ಸೇರಿದ ಬೆಸ್ತರ ಶವಗಳನ್ನು ಅದರಿಂದಲೇ ಗುರುತಿಸುತ್ತಿದ್ದರಂತೆ. ಇದಕ್ಕೆ ಆಧಾರವಿಲ್ಲ. ಜೆ. ಎಂ. ಸಿಂಜ್ ಬರೆದು 1904ರಲ್ಲಿ ರಂಗವೇರಿದ ‘ರೈಡರ್ಸ್ ಟು ದ ಸೀ’ ನಾಟಕದಲ್ಲಿ ತಂಗಿಯೊಬ್ಬಳು ಸತ್ತ ಅಣ್ಣನ ಕಾಲುಚೀಲವನ್ನು ಗುರುತಿಸುತ್ತಾಳೆ, ನಿಜ. ಆದರೆ ಅದು ಮನೆತನದ ವಿನ್ಯಾಸದಿಂದಲ್ಲ, ಹೆಣೆಯುವಾಗ ತಾನೇ ಬಿಟ್ಟಿದ್ದ ಕುಣಿಕೆಗಳ ಲೆಕ್ಕದಿಂದ. ಉಳಿದದ್ದನ್ನು ಜನರ ಕಲ್ಪನೆ, ಮಾರಾಟಗಾರರ ಜಾಣ್ಮೆ ಹೆಣೆದವು.

ಅರಾನ್ ಸ್ವೆಟರ್ ಈಗಿನ ರೂಪ ತಳೆದದ್ದು 20ನೇ ಶತಮಾನದ ಆರಂಭದಲ್ಲಿ. ಸ್ಕಾಟ್ಲೆಂಡ್ ಕಡೆಯ ಬೆಸ್ತರ ಸ್ವೆಟರ್‌ಗಳನ್ನು ನೋಡಿ ಕಲಿತ ದ್ವೀಪದ ಹೆಂಗಸರು ತಮ್ಮದೇ ತಿರುವುಗಳನ್ನು ಸೇರಿಸಿದರು. 1930ರಲ್ಲಿ ಮ್ಯೂರಿಯಲ್ ಗಹಾನ್ ಡಬ್ಲಿನ್‌ನಲ್ಲಿ ‘ದಿ ಕಂಟ್ರಿ ಶಾಪ್’ ತೆರೆದು ಹಳ್ಳಿಯ ಕೈಕಸುಬಿಗೆ ಮಾರುಕಟ್ಟೆ ಒದಗಿಸಿದರು. 1961ರಲ್ಲಿ ಕ್ಲಾನ್ಸಿ ಬ್ರದರ್ಸ್ ಗಾಯಕರು ಇದೇ ಬಿಳಿ ಸ್ವೆಟರ್ ತೊಟ್ಟು ಅಮೆರಿಕದ ಟಿ.ವಿ.ಯಲ್ಲಿ ಹಾಡಿದ ಮೇಲೆ ಬೇಡಿಕೆ ಕಡಲು ದಾಟಿತು. ಪುರಾತನವೆಂದು ನಾವು ಕೈಮುಗಿಯುವ ಈ ಕಲೆ, ನೋಡಿ ಕಲಿತು, ಬಿಚ್ಚಿ ಮತ್ತೆ ಹೆಣೆದವರ ಕೈಯಲ್ಲೇ ಬೆಳೆದದ್ದು. ಹೊಸಬರಿಗೆ ಇದಕ್ಕಿಂತ ಧೈರ್ಯ ಕೊಡುವ ಇತಿಹಾಸ ಬೇರೊಂದಿರಲಾರದು.

ಆ ಸ್ವೆಟರ್‌ಗಳು ಬಣ್ಣ ಹಾಕದ ಕೆನೆಬಿಳಿ ಉಣ್ಣೆಯವು. ತಿಳಿ ಬಣ್ಣದಲ್ಲಿ ನೆರಳು ಬಿದ್ದು ಜಡೆ ಎದ್ದು ಕಾಣುತ್ತದೆ. ಕಪ್ಪು, ಕಡುನೀಲಿಯಲ್ಲಿ ಪಟ್ಟ ಶ್ರಮವೆಲ್ಲ ಮುಚ್ಚಿಹೋಗುತ್ತದೆ. ಮಧ್ಯಮ ದಪ್ಪದ ಉಲ್ಲನ್, 5 ಮಿ.ಮೀ. ಕಡ್ಡಿ ಆರಂಭಕ್ಕೆ ಹಿತ. ಹೊದಿಕೆ ಬೆಳೆದಂತೆ ಭಾರವಾಗುವುದರಿಂದ ನಡುವೆ ವೈರಿರುವ ಸರ್ಕ್ಯುಲರ್ ಕಡ್ಡಿ ಮಣಿಕಟ್ಟಿಗೆ ಆರಾಮ. ಉಲ್ಲನ್ ಅಂಗಡಿಯಲ್ಲಿ ಎಲ್ಲ ಉಂಡೆಗಳ ಲಾಟ್ ನಂಬರ್ ಒಂದೇ ಇದೆಯೇ ಎಂದು ನೋಡಿ, ಒಂದೆರಡು ಹೆಚ್ಚೇ ಕೊಳ್ಳಬೇಕು. ಏಕೆಂದರೆ ಪ್ರತಿ ತಿರುವೂ ಬಟ್ಟೆಯನ್ನು ಒಳಕ್ಕೆಳೆಯುತ್ತದೆ. ಸಾದಾ ಹೆಣಿಗೆಯ ಲೆಕ್ಕದಲ್ಲಿ ಕುಣಿಕೆ ಹಾಕಿದರೆ ಹೊದಿಕೆಯ ಅಗಲ ಕಡಿಮೆ ಬೀಳುತ್ತದೆ, ಉಲ್ಲನ್ನೂ ನಡುದಾರಿಯಲ್ಲಿ ಮುಗಿಯುತ್ತದೆ.

ತಪ್ಪು ಆಗಿಯೇ ಆಗುತ್ತದೆ, ಎಡಕ್ಕೆ ವಾಲಬೇಕಾದದ್ದು ಬಲಕ್ಕೆ ವಾಲುತ್ತದೆ. ಅದಕ್ಕಾಗಿ ಇಡೀ ಹೊದಿಕೆ ಬಿಚ್ಚಬೇಕಿಲ್ಲ. ಆ ಆರು ಕುಣಿಕೆಗಳನ್ನಷ್ಟೇ ತಪ್ಪಿದ ಸಾಲಿನವರೆಗೆ ಬಿಚ್ಚಿ ಮತ್ತೆ ಏರಿಸಿಕೊಳ್ಳಬಹುದು. ಅಷ್ಟು ಧೈರ್ಯ ಬರುವವರೆಗೆ, ಇಪ್ಪತ್ತು ಸಾಲಿಗೊಮ್ಮೆ ಬೇರೆ ಬಣ್ಣದ ದಾರವನ್ನು ಎಲ್ಲ ಕುಣಿಕೆಗಳೊಳಗಿಂದ ಹಾಯಿಸಿಟ್ಟರೆ, ಎಷ್ಟೇ ಬಿಚ್ಚಿದರೂ ಹೆಣಿಗೆ ಅಲ್ಲಿಗೇ ನಿಲ್ಲುತ್ತದೆ.

ಈ ವಾರ ಒಂದು ಉಂಡೆ ತಂದು ಅಂಗೈ ಅಗಲದ ತುಂಡು ಹೆಣೆದು ನೋಡಿ. ಮೊದಲ ತಿರುವು ಬರೀ ಗಂಟಿನಂತೆ ಕಾಣುತ್ತದೆ. ಮೂರನೆಯದು ಮುಗಿಯುವ ಹೊತ್ತಿಗೆ ಜಡೆ ಮೂಡಿರುತ್ತದೆ.