ಹೈದರಾಬಾದಿನ ಋತುಮಾನ ಮತ್ತು ಮೂಸಿ ನದಿ

ಹೈದರಾಬಾದ್ ನಗರವು ದಖ್ಖನ್ ಪ್ರಸ್ಥಭೂಮಿಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದಲ್ಲಿದೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಇಲ್ಲಿ ಒಣ ಬೇಸಿಗೆ. ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈರುತ್ಯ ಮುಂಗಾರು ವರ್ಷದ ಮಳೆಯ ಬಹುಭಾಗವನ್ನು ತರುತ್ತದೆ. ಅಪಾಯವು ಹೆಚ್ಚಾಗಿ ಕಾಣಿಸಿಕೊಳ್ಳುವುದು ಮಳೆಗಾಲದ ಕೊನೆಯಲ್ಲಿ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವು ಒಳನಾಡಿಗೆ ಸರಿದಾಗ, ಆಗಲೇ ತುಂಬಿರುವ ಕೆರೆಗಳ ಮೇಲೆ ಭಾರಿ ಮಳೆ ಸುರಿಯುತ್ತದೆ.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹರಿದು ಸಾವಿರಾರು ಜನರು ಮಡಿದರು. ನಿಜಾಮ್ ಸರ್ಕಾರದ ಆಹ್ವಾನದ ಮೇರೆಗೆ ಬಂದ ಎಂ. ವಿಶ್ವೇಶ್ವರಯ್ಯನವರು, ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಹಿಡಿಯುವಂತೆ ಸಲಹೆ ನೀಡಿದರು. ಅದರಂತೆ ಮೂಸಿಗೆ ಉಸ್ಮಾನ್ ಸಾಗರವೂ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರವೂ ನಿರ್ಮಾಣಗೊಂಡವು.

ಈ ಜಲಾಶಯಗಳು ತಡೆಯುವುದು ಮೇಲಿನಿಂದ ಹರಿದು ಬರುವ ನೀರನ್ನು ಮಾತ್ರ. ನಾರಾಯಣಗೂಡದಂತಹ ಜನನಿಬಿಡ ಬಡಾವಣೆಗಳಲ್ಲಿ ಬೀಳುವ ಮಳೆಗೆ ಕಾಲುವೆಗಳೇ ದಾರಿ. 2020ರ ಅಕ್ಟೋಬರ್‌ನಲ್ಲಿ ನಗರದ ತಗ್ಗು ಪ್ರದೇಶಗಳು ಜಲಾವೃತವಾಗಿ ಪ್ರಾಣಹಾನಿಯೂ ಸಂಭವಿಸಿತು. ಆದುದರಿಂದ ಕಾಲುವೆಗಳಿಗೆ ಕಸ ಸುರಿಯದಿರುವುದು ಮತ್ತು ಹವಾಮಾನ ಇಲಾಖೆಯ ಮುನ್ನೆಚ್ಚರಿಕೆಯಂತೆ ನಡೆದುಕೊಳ್ಳುವುದು ಪ್ರತಿಯೊಬ್ಬ ನಾಗರಿಕರ ಹೊಣೆಯಾಗಿದೆ.